ಅಂದಾಜಕ್ಕನ ನೂರಕ್ಕೆ ಮೂವತ್ತೇಳು

ತಮ್ಮನ ಮದುವೆಗೆ ನಾನೂರ ಹನ್ನೆರಡು ಜನ ಬರುತ್ತಾರೆ ಎಂದು ಅವಳು ಎರಡು ವಾರ ಮುಂಚೆಯೇ ಹೇಳಿದ್ದಳು. ಬಂದವರು ನಾನೂರ ಒಂಬತ್ತು. ಬಾರದ ಮೂವರಲ್ಲಿ ಇಬ್ಬರಿಗೆ ಜ್ವರ, ಒಬ್ಬನಿಗೆ ಬಸ್ಸು ತಪ್ಪಿತ್ತು. ಕೊನೆಯವರು ಕೈತೊಳೆದು ಎದ್ದ ಮೇಲೆ ಅಡುಗೆಯವನು ಪಾತ್ರೆಗಳ ತಳ ಇಣುಕಿ, ಮೂರು ಜನಕ್ಕಾಗುವಷ್ಟೇ ಉಳಿದದ್ದನ್ನು ಕಂಡು, "ಇದು ಹೆಣ್ಣೋ ತಕ್ಕಡಿಯೋ?" ಎಂದನಂತೆ. ಅಂದಿನಿಂದ ಅವಳು ಅಂದಾಜಕ್ಕ. ತಮ್ಮ ಹೋದಲ್ಲೆಲ್ಲ ಈ ಕಥೆಯನ್ನು ಹೇಳಿದ. ಹೇಳಿ ಹೇಳಿ ಆ ಹೆಸರು ಹನ್ನೊಂದು ಗಂಟೆಯ ರೈಲು ಹತ್ತಿ ರಾಜಧಾನಿಗೆ ಬಂತು, ಅವಳು ಕೆಲಸ ಮಾಡುವ ಹಣಕಾಸು ಇಲಾಖೆಯ ಮೆಟ್ಟಿಲನ್ನೂ ಹತ್ತಿತು.

ಜನ ಇದನ್ನು ಜಾಣತನ ಅಂದುಕೊಂಡರು. ಅಸಲಿಗೆ ಅದು ಭಯ. ಹಗ್ಗ ಕಂಡರೂ ಹಾವು ಅನ್ನುವ ಜೀವ ಅವಳದು. ಬಸ್ಸು ತಪ್ಪೀತೆಂಬ ಭಯಕ್ಕೆ ಮನೆಯಿಂದ ನಿಲ್ದಾಣಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿಟ್ಟಿದ್ದಳು. ಆರುನೂರ ನಲವತ್ತು. ಮಳೆ ಬಂದ ದಿನ ಆರುನೂರ ಎಪ್ಪತ್ತು, ಹೊಂಡ ಸುತ್ತಿಕೊಂಡು ಹೋಗಬೇಕಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವುದಕ್ಕೆಂದು ನಾಲ್ಕು ನಿಮಿಷ ಮುಂಚೆಯೇ ಹೊರಡುತ್ತಿದ್ದಳು. ಅವಳ ಗಂಡ ಗಡಿಯಾರ ರಿಪೇರಿಯವನು, ಮನೆಯ ಮುಂದಿನ ಕೋಣೆಯೇ ಅಂಗಡಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಆ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು. "ನನ್ನ ಪಾಲಿನ ಚಿಂತೇನೂ ನೀನೇ ಮಾಡ್ತೀಯಲ್ಲ, ಇನ್ನು ನಾನೂ ಮಾಡಿದ್ರೆ ದಂಡ" ಎನ್ನುತ್ತಿದ್ದ.

ಇಲಾಖೆಯಲ್ಲಿ ಅವಳ ಕೆಲಸ ಖರ್ಚಿನ ಅಂದಾಜು ಪಟ್ಟಿ ಮಾಡುವುದು. ಸೇತುವೆಯಾಗಲಿ, ಶಾಲೆಯ ಸೂರಾಗಲಿ, ಮೊದಲು ಪಟ್ಟಿ ಅವಳ ಮೇಜಿನ ಮೇಲೆ ಹುಟ್ಟಬೇಕು, ಆಮೇಲೆ ಮೇಲಿನ ಮೂರು ಮೇಜು ಹತ್ತಬೇಕು. ಆ ಮೂರು ಮೇಜಿನ ಅಧಿಕಾರಿಗಳಿಗೆ ಕೆಳಗಿನವರು ಸಣ್ಣ ಕತ್ತರಿ, ನಡು ಕತ್ತರಿ, ದೊಡ್ಡ ಕತ್ತರಿ ಎಂದು ಹೆಸರಿಟ್ಟಿದ್ದರು. ಯಾಕೆಂದರೆ ಯಾವ ಪಟ್ಟಿ ಬಂದರೂ ಒಬ್ಬೊಬ್ಬರೂ ಅದರಲ್ಲಿ ನೂರಕ್ಕೆ ಹತ್ತು ಕತ್ತರಿಸುತ್ತಿದ್ದರು. ಓದಿ ನೋಡಿ ಕತ್ತರಿಸುತ್ತಿದ್ದರು ಅಂತಲ್ಲ. ಕತ್ತರಿಸದೆ ರುಜು ಹಾಕಿದರೆ, ಈ ಮನುಷ್ಯನಿಗೆ ಸಂಬಳ ಯಾಕೆ ಕೊಡುತ್ತಿದ್ದೇವೆ ಎಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆ. ಇದು ಗೊತ್ತಿದ್ದ ಕೆಳಗಿನವರು ಮೊದಲೇ ಏರಿಸಿ ಬರೆಯುತ್ತಿದ್ದರು. ನೂರರ ಸಾಮಾನಿಗೆ ನೂರ ಮೂವತ್ತೇಳು ಬರೆದರೆ, ಮೂರು ಕತ್ತರಿ ದಾಟಿ ಹೊರಗೆ ಬರುವಾಗ ಹೆಚ್ಚುಕಡಿಮೆ ನೂರೇ ಆಗಿರುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ, ಯಾವ ಕಡತದಲ್ಲೂ ಬರೆದಿಲ್ಲ. ಹೊಸಬರು ಪಟ್ಟಿಯ ಕೊನೆಗೆ 'ಇತರೆ ವೆಚ್ಚ' ಎಂದು ದಪ್ಪನೆಯ ಸಾಲೊಂದನ್ನು ಸೇರಿಸಿ ಸಿಕ್ಕಿಬೀಳುತ್ತಿದ್ದರು. ಅಂದಾಜಕ್ಕ ಹಾಗಲ್ಲ. ಹಿಟ್ಟಿಗೆ ಉಪ್ಪು ಬೆರೆಸುವ ಹಾಗೆ ಸಾಲುಸಾಲಿಗೂ ಬೆರೆಸಿಬಿಡುತ್ತಿದ್ದಳು. ಮೂವತ್ತೊಂದು ವರ್ಷ ಇದನ್ನೇ ಮಾಡಿ ಮಾಡಿ, ಕಿವಿ ಒಂಬೈನೂರು ಎಂದು ಕೇಳಿಸಿಕೊಂಡರೆ ಕೈ ಸಾವಿರದ ಇನ್ನೂರ ಮೂವತ್ತಮೂರು ಎಂದು ಬರೆಯುತ್ತಿತ್ತು. ನಡುವೆ ತಲೆಯನ್ನು ಕೇಳುವ ಪದ್ಧತಿಯೇ ತಪ್ಪಿಹೋಗಿತ್ತು. ಉಳಿತಾಯದ ಅಂಕಿಗೆ ಮಾತ್ರ ಯಾರೂ ಕತ್ತರಿ ಹಾಕುತ್ತಿರಲಿಲ್ಲ, ಬರುವುದನ್ನು ಬೇಡ ಅನ್ನುವವರು ಯಾರಿದ್ದಾರೆ. ಅದನ್ನು ಅವಳು ಇದ್ದದ್ದು ಇದ್ದ ಹಾಗೇ ಬರೆಯುತ್ತಿದ್ದಳು.

ಹೀಗಿರುವಾಗ ಅವಳು ಹುಟ್ಟಿದ ಸೀಮೆಯ ಜನಕ್ಕೆ ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ ಪ್ರಾದೇಶಿಕ ಸಭೆ ಬೇಕೋ ಬೇಡವೋ ಎಂದು ಮತ ಕೇಳುವುದೆಂದು ತೀರ್ಮಾನವಾಯಿತು. ಆ ಸೀಮೆಯವರ ಗೋಳು ಹಳೆಯದು. ಒಂದು ಕಿಟಕಿಗೆ ಗಾಜು ಹಾಕಿಸಬೇಕಾದರೂ ಕಾಗದ ರಾಜಧಾನಿಗೆ ಬಂದು ಹೋಗಬೇಕು. ಅವಳ ತಮ್ಮ ಅಲ್ಲಿ ಬಡಗಿ. ಒಂದು ಶಾಲೆಯ ನಲವತ್ತು ಬೆಂಚಿನ ಮಂಜೂರಾತಿಗಾಗಿ ಏಳು ಸಲ ರೈಲು ಹತ್ತಿ ಬಂದಿದ್ದ, ಏಳು ಸಲವೂ ಅಕ್ಕನ ಮನೆಯ ಜಗಲಿಯಲ್ಲಿ ಮಲಗಿ ಹೋಗಿದ್ದ. ಮಂಜೂರಾತಿ ಸಿಗುವಷ್ಟರಲ್ಲಿ ಆ ಮಕ್ಕಳಿಗೆ ಮೀಸೆ ಬಂದಿತ್ತು. ನಮ್ಮದು ನಮ್ಮಲ್ಲೇ ತೀರ್ಮಾನ ಆಗಲಿ ಎಂದು ಹೋರಾಟದ ಸಂಘ ಸೇರಿ ಇಪ್ಪತ್ತು ವರ್ಷ ಅವನು ಮೆರವಣಿಗೆಗಳಲ್ಲಿ ನಡೆದಿದ್ದ. ಬಾವುಟದ ಕೋಲುಗಳನ್ನು ತಾನೇ ಕೆತ್ತಿ ಬಿಟ್ಟಿ ಹಂಚಿದ್ದ. ಮೈ ಬಗ್ಗಿಸಿ ದುಡಿಯುವುದು ಬಿಟ್ಟರೆ ಅವನಿಗಿದ್ದದ್ದು ಅದೊಂದೇ ಹುಚ್ಚು.

ಮತ ಹಾಕುವ ಮುಂಚೆ ಪ್ರತಿ ಮನೆಗೂ ಒಂದು ಹಾಳೆ ಹೋಗಬೇಕೆಂದು ಕಾನೂನಾಯಿತು. ಸಭೆ ಮಾಡಿದರೆ ವರ್ಷಕ್ಕೆ ಖರ್ಚೆಷ್ಟು, ಉಳಿತಾಯ ಎಷ್ಟು, ಕೊನೆಗೆ ಮನೆಯೊಂದಕ್ಕೆ ಹೊರೆಯೋ ಲಾಭವೋ, ಇಷ್ಟು. ಆ ಹಾಳೆಯ ಲೆಕ್ಕ ಅಂದಾಜಕ್ಕನ ಪಾಲಿಗೆ ಬಂತು. ದೊಡ್ಡ ಕತ್ತರಿ ತನ್ನ ಕೋಣೆಗೆ ಕರೆಸಿ, ಕನ್ನಡಕ ಒರೆಸುತ್ತಾ ಹೇಳಿದ. "ನೀವು ಆ ಕಡೆಯವರು. ಜೋಕೆ. ಒಂದು ಕಾಸು ಆ ಕಡೆ ವಾಲಿದ್ರೂ ಜನ ನಿಮ್ಮನ್ನಷ್ಟೇ ಅಲ್ಲ, ನಮ್ಮನ್ನೂ ಸೇರಿಸಿ ಹರಿದು ಹಾಕ್ತಾರೆ." ಹೆದರುವುದಕ್ಕೆ ಅವಳಿಗೆ ಅಷ್ಟು ಸಾಕಾಯಿತು.

ಜೊತೆಗೊಂದು ಸುತ್ತೋಲೆಯೂ ಬಂತು. ಅಂದಾಜು ಮಾಡಿದವರ ಅಂಕಿಯನ್ನು ಮೇಲಿನ ಯಾವ ಅಧಿಕಾರಿಯೂ ತಿದ್ದತಕ್ಕದ್ದಲ್ಲ, ಅದು ಅವರ ಹೆಸರಿನೊಂದಿಗೆ ನೇರವಾಗಿ ಅಚ್ಚಿಗೆ ಹೋಗತಕ್ಕದ್ದು. ಅವಳು ಅದನ್ನು ಎರಡು ಸಲ ಓದಿದಳು, ಓದಿದ್ದಕ್ಕೆ ರುಜು ಹಾಕಿದಳು, ಅಂತೂ ಮೂರು ಕತ್ತರಿಯೂ ಮೊಂಡಾಯಿತು ಎಂದು ಮನಸ್ಸಿನಲ್ಲೇ ನಕ್ಕಳು. ಚಹಾ ಕುಡಿದಳು. ಆಮೇಲೆ ಕೂತು ನಲವತ್ತೆರಡು ಸಾಲನ್ನೂ ನೂರಕ್ಕೆ ನೂರ ಮೂವತ್ತೇಳರಂತೆ ಬರೆದಳು. ಬುದ್ಧಿ ಸುತ್ತೋಲೆ ಓದಿತ್ತು, ಕೈ ಓದಿರಲಿಲ್ಲ.

ಆರು ವಾರ ಅವಳು ಪಟ್ಟ ಪಾಡು ಪಡಬಾರದ ಪಾಡು. ಮುಚ್ಚಿಹೋದ ಕಾಗದದ ಗಿರಣಿಯೊಂದನ್ನು ಸಭಾಭವನ ಮಾಡುವುದಕ್ಕೆ ಎಷ್ಟು, ಅದರ ಸೋರುವ ಮೂಲೆಗೆಷ್ಟು, ಎಂಬತ್ತನಾಲ್ಕು ಸದಸ್ಯರ ಸಂಬಳವೆಷ್ಟು, ಬಾಗಿಲು ಕಾಯುವವರು ಎಷ್ಟು ಜನ, ಅವರಿಗೆ ಎಷ್ಟು ಜೊತೆ ಬೂಟು. ಕುರ್ಚಿಯ ಬೆಲೆಗೆ ತಮ್ಮನಿಗೇ ಫೋನು ಮಾಡಿ, ಯಾಕೆಂದು ಹೇಳದೆ, "ಕೈ ಇರೋ ಗಟ್ಟಿ ಕುರ್ಚಿ, ಎಂಬತ್ತನಾಲ್ಕು ಒಟ್ಟಿಗೆ ಮಾಡಿಸಿದ್ರೆ ಒಂದಕ್ಕೆ ಎಷ್ಟು ಬೀಳುತ್ತೆ?" ಎಂದು ಕೇಳಿದಳು. "ಒಂಬೈನೂರು. ಹೆಚ್ಚು ಕೇಳೋನು ಕಳ್ಳ" ಎಂದ. ಉಳಿತಾಯದ ಕಡೆ ಮುಚ್ಚಬಹುದಾದ ಎಂಟು ಉಸ್ತುವಾರಿ ಕಚೇರಿಗಳಿದ್ದವು, ಅಧಿಕಾರಿಗಳು ಅತ್ತಿತ್ತ ಓಡಾಡುವ ಭತ್ಯೆ ಇತ್ತು. ಜನ ತಾವೇ ಕೈಯಿಂದ ಹಾಕಿ ರೈಲು ಹತ್ತಿ ಬರುವ ಖರ್ಚನ್ನು ಸೇರಿಸಬಹುದೇ ಎಂದು ಅವಳು ನಿಯಮ ತೆಗೆದು ನೋಡಿದಳು. ಅದು ಸರ್ಕಾರದ ಖರ್ಚಲ್ಲ, ಸೇರಿಸುವಂತಿಲ್ಲ. ಹಾಗಾಗಿ ತಮ್ಮನ ಏಳು ಪ್ರಯಾಣ ಯಾವ ಕಾಲಮ್ಮಿಗೂ ಬರಲಿಲ್ಲ. ತನ್ನೂರಿನ ಕಡೆ ವಾಲಿಬಿಟ್ಟೇನೋ ಎಂಬ ಹೆದರಿಕೆಯಲ್ಲಿ ಉಳಿತಾಯವನ್ನು ನಾಲ್ಕು ಸಲ ಎಣಿಸಿದಳು. ಖರ್ಚು ಹೆಚ್ಚಾಗಿದೆಯೇ ಎಂದು ನೋಡುವ ಯೋಚನೆ ಮಾತ್ರ ಬರಲಿಲ್ಲ, ತನ್ನ ಮೇಲೆ ಅನುಮಾನ ಬರುವುದು ಆ ಕಡೆಯಿಂದಲ್ಲವಲ್ಲ.

ಲೆಕ್ಕ ಹೀಗೆ ಬಂತು. ಖರ್ಚು ಐವತ್ತನಾಲ್ಕು ಕೋಟಿ ಎಂಬತ್ತು ಲಕ್ಷ, ಉಳಿತಾಯ ನಲವತ್ತಾರು ಕೋಟಿ. ಸೀಮೆಯಲ್ಲಿ ಮನೆಗಳು ಇಪ್ಪತ್ತೆರಡು ಲಕ್ಷ. ಅಂದರೆ ಮನೆಗೆ ವರ್ಷಕ್ಕೆ ನಲವತ್ತು ರೂಪಾಯಿ ಹೊರೆ. ತಮ್ಮನ ಮುಖ ನೆನೆದು ಅವಳಿಗೆ ಸಂಕಟವಾಯಿತು. ಜೊತೆಗೇ, ಇನ್ನು ನನ್ನನ್ನು ಯಾರೂ ಪಕ್ಷಪಾತಿ ಅನ್ನಲಾರರು ಎಂದು ಹಗುರವೂ ಆಯಿತು. ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟಳು. ಆ ಹೆಮ್ಮೆಯನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಭಾನುವಾರ ಮತದಾನ. ಅದರ ಹಿಂದಿನ ಸೋಮವಾರ ಮಧ್ಯಾಹ್ನ, ಇಲಾಖೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವಾಗ ತಮ್ಮನ ಫೋನು ಬಂತು.

"ಅಕ್ಕಾ, ನಿನ್ನ ಹಾಳೆ ಬಂತು. ನಮ್ಮ ಬೀದಿಗೆಲ್ಲ ನಾನೇ ಓದಿ ಹೇಳ್ದೆ."

"ಬೇಜಾರಾಯ್ತೇನೋ?"

"ಆಗ್ದೆ ಇರುತ್ತಾ? ಇಪ್ಪತ್ತು ವರ್ಷ ಕೂಗಿದ್ದೀನಿ. ಎರಡು ದಿನ ಊಟ ಸೇರ್ಲಿಲ್ಲ. ಆದ್ರೆ ನೀನೇ ಲೆಕ್ಕ ಹಾಕಿದ್ಮೇಲೆ ಮುಗೀತಲ್ಲ. ನಲವತ್ತು ಅಂದ್ರೆ ನಲವತ್ತೇ. ನಮ್ಮ ಬೀದಿಯೋರು ಅಷ್ಟಷ್ಟಕ್ಕೂ ಒದ್ದಾಡೋ ಜನ, ಅವರ ತಲೆ ಮೇಲೆ ಹೊರೆ ಹಾಕಿ ನಾನ್ಯಾವ ಮುಖ ಹೊತ್ಕೊಂಡು ಓಡಾಡ್ಲಿ? ಸಂಘದೋರಿಗೆ ಹೇಳ್ಬಿಟ್ಟೆ, ನಾನು ಈಚೆ ಬಂದೆ ಅಂತ. ಈಗ ಮನೆಮನೆಗೂ ಹೋಗಿ, ಬೇಡ ಅಂತ ಹಾಕಿ ಅಂತಿದ್ದೀನಿ. ನೂರ ಮೂವತ್ತು ಮನೆ ಆಯ್ತು."

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನೀನು ಹೇಳಿದ್ದನ್ನ ನಂಬ್ತಾರೇನೋ?"

"ನನ್ನನ್ನ ಎಲ್ಲಿ ನಂಬ್ತಾರೆ, ನಿನ್ನನ್ನ ನಂಬ್ತಾರೆ. ನಾನೂರ ಒಂಬತ್ತರ ಕಥೆ ಹೇಳ್ತೀನಲ್ಲ!" ಎಂದು ನಕ್ಕ. ನಗುವಿನಲ್ಲಿ ಜೀವವಿರಲಿಲ್ಲ. "ಒಂದು ವಿಷ್ಯಕ್ಕೆ ಮಾತ್ರ ನಿಜವಾಗ್ಲೂ ನಗು ಬಂತಕ್ಕ. ಹಾಳೆ ಹಿಂದೆ ಇರುವೆ ಸಾಲಿನ ಹಾಗೆ ಪಟ್ಟಿ ಇದೆಯಲ್ಲ, ಯಾರೂ ಓದಲ್ಲ ಅದನ್ನ. ನಾನು ಬಡಗಿ ನೋಡು, ಕಣ್ಣು ಕುರ್ಚಿಗೇ ಹೋಯ್ತು. ನಾನು ನಿಂಗೆ ಒಂಬೈನೂರು ಅಂದಿದ್ದೆ. ಇಲ್ಲಿ ಸಾವಿರದ ಇನ್ನೂರ ಮೂವತ್ತಮೂರು ಅಂತಿದೆ. ಅಲ್ಲಿನ ಬಡಗಿಗಳು ನಿನ್ನ ಕಿವಿ ಮೇಲೆ ಹೂ ಇಟ್ಟಿದ್ದಾರೆ ಕಣಕ್ಕ."

ಅವಳು ಕೈಯ ತುತ್ತನ್ನು ಬುತ್ತಿಗೇ ವಾಪಸು ಹಾಕಿದಳು.

"ಹಲೋ? ಅಕ್ಕಾ?"

"ಆಮೇಲೆ ಮಾಡ್ತೀನಿ ಕಣೋ" ಎಂದು ಫೋನಿಟ್ಟಳು. ಚೀಲದಿಂದ ಹಾಳೆ ತೆಗೆದು, ಹಿಂದಿನ ಪಟ್ಟಿಯ ಮೇಲೆ ಪೆನ್ಸಿಲು ಇಟ್ಟಳು. ಕುರ್ಚಿ ಒಂದೇ ಆಗಿದ್ದರೆ ಎಂದು ಆಸೆಯಿಂದ ಬೂಟಿಗೆ ಹೋದಳು. ಬೂಟೂ ಹಾಗೇ. ಸೋರುವ ಮೂಲೆ, ದೀಪ, ಸಂಬಳ, ಕಸಬರಿಕೆ, ನಲವತ್ತೆರಡಕ್ಕೆ ನಲವತ್ತೆರಡೂ. ಭಾಗಿಸಿ ನೋಡಿದಳು. ನಿಜವಾದ ಖರ್ಚು ನಲವತ್ತು ಕೋಟಿ. ಉಳಿತಾಯ ನಲವತ್ತಾರು. ಹೊರೆಯಲ್ಲ, ಮನೆಗೆ ಇಪ್ಪತ್ತೇಳು ಲಾಭ. ಇಪ್ಪತ್ತೆರಡು ಲಕ್ಷ ಮನೆಗೆ ಅವಳು ಇಲ್ಲದ ಹೊರೆಯೊಂದನ್ನು ಬರೆದು ಕಳಿಸಿದ್ದಳು, ಅದನ್ನು ಹೊತ್ತುಕೊಂಡು ಅವಳ ತಮ್ಮ ಮನೆಮನೆ ತಿರುಗುತ್ತಿದ್ದ. ತನ್ನ ಇಪ್ಪತ್ತು ವರ್ಷದ ಆಸೆಗೆ ತಾನೇ ಗುಂಡಿ ತೋಡುತ್ತಿದ್ದ, ಅಕ್ಕನ ಮಾತಿನ ಮೇಲೆ. ಬುತ್ತಿಯನ್ನು ಹಾಗೇ ಮುಚ್ಚಿದಳು.

ಅಂದು ಸಂಜೆ ನಿಲ್ದಾಣದಿಂದ ಮನೆಗೆ ಎಷ್ಟು ಹೆಜ್ಜೆ ನಡೆದಳೋ ಅವಳಿಗೇ ಗೊತ್ತಿಲ್ಲ. ಮುಂದಿನ ಕೋಣೆಯಲ್ಲಿ ಗಂಡ ಒಂದು ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅವಳು ಚಪ್ಪಲಿ ಬಿಡುವ ಮುಂಚೆಯೇ ಎಲ್ಲವನ್ನೂ ಹೇಳಿದಳು. ಅವನು ಕಣ್ಣಿನ ಭೂತಗನ್ನಡಿ ತೆಗೆಯದೆ ಕೇಳಿಸಿಕೊಂಡ.

"ಬಟ್ಟೆ ಅಂಗಡಿಯೋನ ಗಡಿಯಾರ ಇದು" ಎಂದ. "ಹತ್ತು ನಿಮಿಷ ಮುಂದೆ ಇಡಿ ಅಂತಾನೆ, ಕೆಲಸದೋರು ಬೇಗ ಬರ್ಲಿ ಅಂತ. ಅವರಿಗೂ ಅದು ಗೊತ್ತು, ಹತ್ತು ನಿಮಿಷ ತಡವಾಗೇ ಬರ್ತಾರೆ. ಹೋದ್ಸಲ ನಾನು ಮರೆತು ಸರಿಯಾದ ಟೈಮಿಟ್ಟು ಕೊಟ್ಬಿಟ್ಟೆ. ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಕೆಲಸದೋರು ಒಬ್ರೂ ಇಲ್ಲ."

"ಆಮೇಲೆ?"

"ಆಮೇಲೇನು, ಹೋಗಿ ಹೇಳ್ದೆ, ಸ್ವಾಮಿ, ಇದು ಸರಿಯಾದ ಟೈಮು ಅಂತ. ಅವನು ನನ್ನ ಮಾತು ನಂಬದೆ ಇನ್ನೊಬ್ಬನ ಹತ್ರ ತೋರ್ಸಿಕೊಂಡು ಬಂದ."

ಅವಳಿಗೆ ನಗು ಬರಲಿಲ್ಲ. "ನಾನು ಏನು ಮಾಡ್ಲಿ ಅಂತ ಹೇಳಿ."

"ನೀನು ಏನು ಮಾಡ್ತೀಯ ಅಂತ ನಂಗೆ ಗೊತ್ತು. ಮಾಡೋಕೆ ಮುಂಚೆ ಎಷ್ಟು ಹೊತ್ತು ಒದ್ದಾಡ್ತೀಯ ಅಂತ ಮಾತ್ರ ಗೊತ್ತಿಲ್ಲ."

ಅವಳು ಒದ್ದಾಡಿದ್ದು ಮಾರನೆಯ ಬೆಳಗಿನವರೆಗೆ. ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ತಮ್ಮನ ಕೊರಳಿಗೆ ತಾನೇ ಹಗ್ಗ. ಬಾಯಿ ಬಿಟ್ಟರೆ, ನೋಡಿ, ತನ್ನೂರು ಸೋಲುತ್ತದೆ ಎಂದಾಗ ಲೆಕ್ಕ ತಿದ್ದುತ್ತಾಳೆ ಎಂದು ಇಡೀ ರಾಜಧಾನಿ ಅನ್ನುತ್ತದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಇಷ್ಟಕ್ಕೂ ಅವಳ ಬಳಿ ಇದ್ದ ಆಸ್ತಿ ಯಾವುದು? ಅಂದಾಜಕ್ಕ ಹೇಳಿದರೆ ತಪ್ಪುವುದಿಲ್ಲ ಎಂಬ ಒಂದು ಮಾತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇವಳದು ಒಂದು ಕುರ್ಚಿಗೆ ಹೋಗುವುದರಲ್ಲಿತ್ತು.

ಮಂಗಳವಾರ ದೊಡ್ಡ ಕತ್ತರಿಯ ಕೋಣೆಗೆ ಹೋದಳು. ಅವನು ಪಟ್ಟಿಯನ್ನು, ಅವಳ ಪೆನ್ಸಿಲಿನ ಅಂಕಿಗಳನ್ನು ನೋಡಿದ. ಬಾಗಿಲು ಹಾಕಿಕೊಂಡು ಬಂದ.

"ಕತ್ತರಿಸ್ತಾರೆ ಅಂತ ಏರಿಸಿ ಬರೆದೆ ಅಂತೀರಲ್ಲ, ನಾನು ಯಾವತ್ತಾದ್ರೂ ಕತ್ತರಿಸಿದ್ದೀನಾ? ಪರಿಶೀಲಿಸಿದ್ದೀನಿ."

"ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ಹತ್ತಕ್ಕಿಂತ ಹೆಚ್ಚು ಪರಿಶೀಲಿಸಿಲ್ಲ, ಕಮ್ಮೀನೂ ಪರಿಶೀಲಿಸಿಲ್ಲ ಸಾರ್."

ಹೀಗೆ ಮಾತಾಡಿದ್ದಕ್ಕೆ ಅವಳೇ ಬೆಚ್ಚಿದಳು. ಅವನೂ ಬೆಚ್ಚಿದ ಹಾಗೆ ಕಂಡಿತು. ದನಿ ತಗ್ಗಿಸಿದ. "ನೋಡೀಮ್ಮ, ಇದನ್ನ ಹೊರಗೆ ಹಾಕಿದ್ರೆ ಹಳೇ ಸೇತುವೆ, ಹಳೇ ರಸ್ತೆ, ಎಲ್ಲದರ ಲೆಕ್ಕಾನೂ ಕೆದಕ್ತಾರೆ. ತಿದ್ದಲೇಬೇಕು ಅಂದ್ರೆ ಅಚ್ಚಿನ ತಪ್ಪು ಅಂತ ಬರೀರಿ. ಅಚ್ಚುಮನೆಯೋರು ಬೈಸ್ಕೊಳ್ಳೋದು ಹೊಸದೇನಲ್ಲ."

"ನಲವತ್ತೆರಡು ಸಾಲಲ್ಲೂ ನೂರಕ್ಕೆ ಮೂವತ್ತೇಳೇ ತಪ್ಪೋ ಅಚ್ಚುಮನೆ ಎಲ್ಲಿದೆ ಸಾರ್?"

"ಹಾಗಾದ್ರೆ ಸುಮ್ನಿರಿ. ಹದಿನಾಲ್ಕು ತಿಂಗಳಿದೆ ನಿಮ್ಗೆ. ನೀವು ತಿದ್ದಿದ್ರೆ ಆ ಊರೋಳು ಅಂತಾರೆ, ಸುಮ್ನಿದ್ರೆ ಯಾರೂ ಏನೂ ಅನ್ನಲ್ಲ. ಒಂದು ಕುರ್ಚಿ ಬೆಲೆ ಯಾರು ನೋಡ್ತಾರೆ?"

"ನನ್ನ ತಮ್ಮ ನೋಡ್ದ" ಎಂದಳು. ಆ ಬಾಗಿಲನ್ನು ತೆರೆದುಕೊಂಡು ಹೊರಗೆ ಬರುವಾಗ ಅವಳಿಗೊಂದು ವಿಷಯ ಖಾತ್ರಿಯಾಗಿತ್ತು. ಯಾರೂ ನೋಡುವುದಿಲ್ಲ ಎಂದು ಇವರೆಲ್ಲ ನಂಬಿರುವುದಕ್ಕೇ ತನ್ನ ಕೈಗೆ ಈ ರೋಗ ಬಂದದ್ದು.

ತಿದ್ದುಪಡಿ ಕೊಡಲು ಬುಧವಾರ ಮಧ್ಯಾಹ್ನ ಹನ್ನೆರಡು ಕಡೆಯ ಹೊತ್ತು. ಚುನಾವಣಾಧಿಕಾರಿಯ ಕಚೇರಿಗೆ ಅವಳು ಒಂಬತ್ತೂವರೆಗೇ ಹೋಗಿ ಕೂತಳು, ಬಸ್ಸು ತಪ್ಪೀತೆಂದು ಎರಡು ಬಸ್ಸು ಮುಂಚೆಯೇ ಹತ್ತಿದ್ದಳು. ಕೊಟ್ಟ ನಮೂನೆಯಲ್ಲಿ 'ತಪ್ಪಿನ ಕಾರಣ' ಎಂದು ಮೂರು ಗೆರೆ ಬಿಟ್ಟಿದ್ದರು. ಮೊದಲು 'ನಮ್ಮ ಇಲಾಖೆಯ ರೂಢಿಯಂತೆ' ಎಂದು ಬರೆದಳು. ಹಾಗೆಂದರೆ ತಾನು ಪಾರಾಗಿ ಉಳಿದವರೆಲ್ಲ ಸಿಕ್ಕಿಕೊಂಡ ಹಾಗೆ ಕಂಡಿತು, ಹೊಡೆದುಹಾಕಿದಳು. ಬೇರೊಂದು ನಮೂನೆ ಕೇಳಿ ಪಡೆದು, ನಿಧಾನವಾಗಿ ಬರೆದಳು. 'ಮೇಲಿನವರು ಕಡಿಮೆ ಮಾಡುತ್ತಾರೆಂದು ಖರ್ಚನ್ನು ಮೊದಲೇ ಏರಿಸಿ ಬರೆಯುವುದು ನನ್ನ ರೂಢಿ. ಈ ಸಲ ಕಡಿಮೆ ಮಾಡುವವರು ಇರಲಿಲ್ಲ. ರೂಢಿ ಮಾತ್ರ ಇತ್ತು.' ಮೂರು ಗೆರೆಗೆ ಸರಿಯಾಗಿ ಕೂತಿತು.

ಚುನಾವಣಾಧಿಕಾರಿ ಅವಳ ವಯಸ್ಸಿನವಳೇ ಒಬ್ಬ ಹೆಂಗಸು. ಓದಿ ತಲೆಯೆತ್ತಿದಳು. "ನಿಮ್ಮೂರು ಯಾವ ಕಡೆ?"

"ಅದೇ ಕಡೆ."

"ನಾಳೆ ಪತ್ರಿಕೆಯೋರು ಮೊದ್ಲು ಅದನ್ನೇ ಬರೀತಾರೆ, ಗೊತ್ತಲ್ಲ?"

"ಗೊತ್ತು" ಎಂದಳು. ಅಂಗೈ ಬೆವರಿ ಕಾಗದದ ಮೇಲೆ ಕಲೆಯಾಗಿತ್ತು. ಆ ಹೆಂಗಸು ಅದನ್ನು ಕಂಡೂ ಕಾಣದವಳ ಹಾಗೆ ಮುದ್ರೆ ಒತ್ತಿದಳು.

ಕಚೇರಿಯ ಮೆಟ್ಟಿಲ ಮೇಲೆ ನಿಂತೇ ತಮ್ಮನಿಗೆ ಫೋನು ಮಾಡಿದಳು. ಪತ್ರಿಕೆಯಿಂದ ಅವನಿಗೆ ತಿಳಿಯಬಾರದು. ಕತ್ತರಿಗಳ ಕಥೆಯಿಂದ ಹಿಡಿದು ಇಪ್ಪತ್ತೇಳರ ಲಾಭದವರೆಗೆ ಒಂದೇ ಉಸಿರಿನಲ್ಲಿ ಹೇಳಿದಳು. ಆ ಕಡೆಯಿಂದ ಗರಗಸದ ಸದ್ದು ಬರುತ್ತಿತ್ತು, ಅದು ನಿಂತಿತು.

"ಈಗ ನೂರ ಎಂಬತ್ತು ಮನೆ ಆಗಿದೆ ಅಕ್ಕ" ಎಂದ.

"ಮತ್ತೆ ಹೋಗೋ. ನನ್ನ ತಪ್ಪು ಅಂತ ಹೇಳು. ಅಕ್ಕ ಹೆದರುಪುಕ್ಲಿ, ಅವಳ ಕೈಗೆ ಬುದ್ಧಿ ಇಲ್ಲ ಅಂತ ಹೇಳು."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ಹಾಗೆ ಕೇಳಿದ. "ಈ ಇಪ್ಪತ್ತೇಳು ಕತ್ತರಿಗೆ ಮುಂಚಿನದಾ, ಆಮೇಲಿನದಾ?"

"ಕತ್ತರಿ ಇಲ್ಲದ್ದು ಕಣೋ. ಇದ್ದದ್ದು ಇದ್ದ ಹಾಗೆ."

"ಸರಿ. ಹೋಗ್ತೀನಿ" ಎಂದ.

ಹೋದ. ಗುರುವಾರದಿಂದ ಶನಿವಾರದವರೆಗೆ ಅಂಗಡಿ ಮುಚ್ಚಿ ನೂರ ಎಂಬತ್ತು ಮನೆಯನ್ನೂ ಮತ್ತೆ ಹತ್ತಿ ಇಳಿದ. "ಹೋದ ವಾರ ಬೇಡ ಅಂದ್ರಿ, ಈ ವಾರ ಬೇಕು ಅಂತೀರಿ, ನಿಮ್ಮಕ್ಕನ್ನ ಇನ್ನೊಂದ್ಸಲ ಕೇಳ್ಕೊಂಡು ಮುಂದಿನ ವಾರ ಬನ್ನಿ" ಎಂದು ಒಬ್ಬ ಮುದುಕಿ ಬಾಗಿಲು ಹಾಕಿದಳಂತೆ. ರಾಜಧಾನಿಯ ಪತ್ರಿಕೆಗಳು ಅವಳ ಊರನ್ನು ತಲೆಬರಹದಲ್ಲೇ ಹಾಕಿದವು. ಬೇಡ ಎನ್ನುವವರು ಅವಳನ್ನು ಊರಿನ ಏಜೆಂಟು ಎಂದರು, ಬೇಕು ಎನ್ನುವವರು ರಾಜಧಾನಿಯ ಏಜೆಂಟು ಎಂದರು. ಆ ಮೂರು ದಿನ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಓಡಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಯಾರ ಜೊತೆ ನಕ್ಕರೂ ತನ್ನನ್ನೇ ಅನ್ನಿಸುತ್ತಿತ್ತು.

ಭಾನುವಾರ ಮತದಾನವಾಯಿತು, ಸೋಮವಾರ ಎಣಿಕೆ. ಮೂವತ್ತು ಲಕ್ಷದ ಮೇಲೆ ಮತ ಬಿದ್ದು, ಪ್ರಾದೇಶಿಕ ಸಭೆ ಹತ್ತೊಂಬತ್ತು ಸಾವಿರ ಮತದಿಂದ ಸೋತಿತು.

ಆ ಹತ್ತೊಂಬತ್ತು ಸಾವಿರವನ್ನು ಅವಳು ಎಷ್ಟು ಸಲ ಭಾಗಿಸಿದಳೋ ಲೆಕ್ಕವಿಲ್ಲ. ಹಾಳೆಯನ್ನಷ್ಟೇ ಓದಿ ತಿದ್ದುಪಡಿ ಓದದವರು ಎಷ್ಟು, ಎರಡನ್ನೂ ಓದಿ ಯಾವುದನ್ನೂ ನಂಬದವರು ಎಷ್ಟು, ಏನೇ ಆದರೂ ಬೇಡ ಅನ್ನುತ್ತಿದ್ದವರು ಎಷ್ಟು. ಜನ್ಮದಲ್ಲಿ ಮೊದಲ ಸಲ ಅವಳಿಗೆ ಅಂದಾಜು ಸಿಗಲಿಲ್ಲ. ತನ್ನಿಂದಲೇ ಆದದ್ದೋ ಅಲ್ಲವೋ ಎಂದು ಅವಳಿಗೆ ಎಂದಿಗೂ ಗೊತ್ತಾಗುವುದಿಲ್ಲ. ಆ ಗೊತ್ತಾಗದಿರುವುದೇ ಶಿಕ್ಷೆ. ಇಲಾಖೆ ಕೊಟ್ಟ ಶಿಕ್ಷೆ ಅದರ ಮುಂದೆ ಏನೂ ಅಲ್ಲ. ಒಂದು ವಿಚಾರಣೆ, ಒಂದು ವಾಗ್ದಂಡನೆ, ಎರಡು ವೇತನ ಬಡ್ತಿ ಕಡಿತ. ಕತ್ತರಿಸತಕ್ಕದ್ದಲ್ಲ ಎಂದು ಎಲ್ಲ ಮೇಜಿಗೂ ಹೊಸ ಸುತ್ತೋಲೆ ಹೋಯಿತು. ಮೂವರೂ ಅದನ್ನು ಓದಿ ರುಜು ಹಾಕಿದರು.

ತಮ್ಮ ಅವಳ ಮೇಲೆ ಸಿಟ್ಟು ಮಾಡಲಿಲ್ಲ. ವಾರಕ್ಕೊಂದು ಸಲ ಫೋನು ಮೊದಲಿನ ಹಾಗೇ ಬರುತ್ತಿತ್ತು, ಆರೋಗ್ಯ ವಿಚಾರಿಸುತ್ತಿದ್ದ, ಮರದ ಬೆಲೆ ಏರಿದ್ದು ಹೇಳುತ್ತಿದ್ದ. ಸಭೆಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಅವಳೂ ಎತ್ತುತ್ತಿರಲಿಲ್ಲ. ಏಳು ತಿಂಗಳು ಕಳೆದವು. ಒಂದು ಬೆಳಿಗ್ಗೆ, ರಜಾದಿನ, ಅವನ ದನಿಯಲ್ಲಿ ಹಳೆಯ ಹುರುಪು ಕೇಳಿಸಿತು. ಮಗಳಿಗೆ ಮದುವೆ ಗೊತ್ತಾಗಿತ್ತು.

"ಕರೆಯೋರ ಪಟ್ಟಿ ಓದ್ತೀನಿ, ಕೇಳಿಸ್ಕೋ" ಎಂದು ಶುರುಮಾಡಿದ. ಅಳಿಯನ ಕಡೆಯವರು, ಹೆಂಡತಿಯ ಅಣ್ಣತಮ್ಮಂದಿರು, ಬೀದಿಯವರು, ಮರದ ಮಂಡಿಯವರು, ಸಂಘದವರು. ಸಂಘದವರು ಎಂದಾಗ ಒಂದು ಚಣ ತಡೆದ, ಮತ್ತೆ ಮುಂದುವರಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಯಾರಿಗೆ ಮಂಡಿನೋವು, ಯಾರಿಗೆ ಯಾರ ಮೇಲೆ ಮುನಿಸು, ಆ ತಿಂಗಳು ರೈಲು ಎಷ್ಟು ಹೊತ್ತಿಗೆ, ಎಲ್ಲ ತಾನೇ ತಾನಾಗಿ ಕೂಡಿಕೊಂಡು ಬಂತು. ಬಹಳ ದಿನದ ಮೇಲೆ ಅವಳಿಗೆ ಸುಖವೆನಿಸಿತು.

"ಮುನ್ನೂರ ಅರವತ್ತೆಂಟು" ಎಂದಳು.

"ಮುನ್ನೂರ ಅರವತ್ತೆಂಟಾ" ಎಂದ. ಬರೆದುಕೊಳ್ಳುವ ಸದ್ದು ಬಂತು. ಆಮೇಲೆ ಹೇಳಿದ. "ಅಕ್ಕಾ, ತಪ್ಪು ತಿಳ್ಕೋಬೇಡ. ಅಡುಗೆಯೋನಿಗೆ ಹೇಳೋಕೆ ಮುಂಚೆ ನಾನೂ ಒಂದ್ಸಲ ಎಣಿಸಿ ನೋಡ್ತೀನಿ."

ಮುಂದಿನ ಕೋಣೆಯಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಟಕಟಕ ಎನ್ನುತ್ತಿದ್ದವು. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ತಪ್ಪು ತಿಳ್ಕೊಳ್ಳೋದೇನಿದೆಯೋ. ಎಣಿಸು. ನಾನು ಇಲ್ಲೇ ಇರ್ತೀನಿ."

ಅವನು ಮೊದಲಿನಿಂದ, ಒಬ್ಬೊಬ್ಬರ ಹೆಸರು ಹಿಡಿದು, ಗಟ್ಟಿಯಾಗಿ ಎಣಿಸಲು ಶುರುಮಾಡಿದ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.